ಜೋಮು

ಸಮುದ್ರದ ಕಡೆ ಬಾಗಿಲಿರುವ ಅಂಗಡಿ ನನ್ನದು, ತ್ರಿಯೆಸ್ತೆಯಲ್ಲಿ.
ಹಳೇ ಬೈಕು ಕೊಳ್ಳುತ್ತೇನೆ, ಒರೆಸುತ್ತೇನೆ, ಮಾರುತ್ತೇನೆ.
ಬಂದವರೆಲ್ಲ ಮೊದಲು ಕೇಳುವುದು, ಎಷ್ಟು ಓಡುತ್ತೆ?
ನೆವಿಯಾ ಕೊಸೂತಾ ಕೇಳಿದ್ದು, ಎಷ್ಟು ನಡುಗುತ್ತೆ?

ಪಿಯಾನೊಗಳಿಗೆ ಶ್ರುತಿ ಕೂಡಿಸುವವಳು.
ದಿನಾ ಬೆಳಗ್ಗೆ ಗುಡ್ಡದ ಮೇಲಿನ ಒಪಿಚೀನಾದಿಂದ ಇಳಿದು
ಸಂಗೀತಶಾಲೆ, ಮುದುಕಿಯರ ನಡುಮನೆ, ಹಡಗಿನ ಬಾರು,
ಸಂಜೆಗೆ ಮತ್ತೆ ಮೇಲಕ್ಕೆ.
ಐವತ್ತೊಂದು ವರ್ಷ, ನನ್ನ ಭುಜದಷ್ಟು ಎತ್ತರ,
ಬೆನ್ನಚೀಲದಲ್ಲಿ ತಿರುಗುಳಿ, ಉಣ್ಣೆಪಟ್ಟಿ, ಒಂದು ಶ್ರುತಿಕವೆ.

ಮೊದಲ ಶನಿವಾರ ದೊಡ್ಡದನ್ನೇ ತೋರಿಸಿದೆ. ಸಾವಿರದ ಇನ್ನೂರು ಸಿಸಿ,
ನನ್ನದೇ, ಹತ್ತೊಂಬತ್ತು ವರ್ಷ ಏರಿದ್ದು.
ಹತ್ತಿದಳು. ಕಾಲೆರಡೂ ಗಾಳಿಯಲ್ಲಿ,
ಅಟ್ಟದ ಮೇಲಿಟ್ಟು ಮರೆತ ಗೊಂಬೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದುಂಟು;
ಇವಳು ಕಾಲಿದ್ದಷ್ಟೇ ಸೀಟು ಕೊಡು ಅಂದಳು.

ಎರಡನೇ ಶನಿವಾರ ಸಣ್ಣದು, ನೂರಿಪ್ಪತ್ತೈದು.
ಬೋರಾ ಬೀಸುತ್ತಿತ್ತು. ಇಲ್ಲಿಯ ಬೋರಾ ಬರೀ ಗಾಳಿಯಲ್ಲ,
ಬೀದಿ ತಿರುವಿನಲ್ಲಿ ಕಾದು ನಿಂತು
ಹೆಗಲು ಕೊಟ್ಟು ನೂಕುವ ಆಳು.
ಕಸದ ತೊಟ್ಟಿ ಮುಚ್ಚಳ ಬಡಿದುಕೊಂಡು ರಸ್ತೆ ದಾಟುತ್ತಿತ್ತು.
ತಿರುಗಿ ಬಂದವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು:
"ಗಾಳಿ ಬಂದಾಗ ತೂರಿಕೊಳ್ಳಬೇಕು, ಸರಿ.
ನಾನೇ ತೂರಿಹೋದರೆ?"

ಮೂರನೆಯ ಶನಿವಾರ
ಮೂಲೆಯಲ್ಲಿದ್ದ ಬೂದುಬಣ್ಣದ ಐನೂರು ಸಿಸಿಯದು.
ಎರಡು ಸಿಲಿಂಡರು, ನೂರಾ ಎಂಬತ್ತೆಂಟು ಕಿಲೊ,
ಹನ್ನೊಂದು ತಿಂಗಳಿಂದ ಯಾರ ಕಣ್ಣಿಗೂ ಬೀಳದ್ದು.
ಚೆಂದವೂ ಅಲ್ಲ, ಕುರೂಪವೂ ಅಲ್ಲ, ಬಾಡಿಗೆಮನೆಯ ಗೋಡೆಯ ಹಾಗೆ.
ಇವಳೇನು ಮಾಡಿದಳು ಗೊತ್ತೆ?
ಅಂಗಳದಲ್ಲಿ ಹಳೇ ಕಂಬಳಿ ಹಾಸಿ ಬೈಕನ್ನು ಮಲಗಿಸಿದಳು!
ನಾನು ಅಯ್ಯೋ ಅನ್ನುವಷ್ಟರಲ್ಲಿ ಅದಕ್ಕೆ ಬೆನ್ನು ಕೊಟ್ಟು, ಮಂಡಿ ಮಡಿಸಿ,
ಹಿಂದಡಿಯಿಟ್ಟು ಎರಡೇ ಉಸಿರಿಗೆ ಎತ್ತಿ ನಿಲ್ಲಿಸಿದಳು.
"ನಾನು ಎತ್ತಲಾರದ್ದು ನನ್ನನ್ನು ಹೊರುವುದು ಬೇಡ."

ಕೂತಳು. ಎರಡೂ ಹಿಮ್ಮಡಿ ನೆಲಕ್ಕೆ. ಮೊಣಕೈ ಸಡಿಲ.
ಗುಡ್ಡದ ರಸ್ತೆಗೆ ಹೋದಳು; ಬಂದವಳೇ ಕೈಗವಸು ಕಿತ್ತು
ಚೀಲದಿಂದ ಒಂದು ತುಂಡು ತಂತಿ ತೆಗೆದು
ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದಳು, ಕಣ್ಣು ಮುಚ್ಚಿ.
ಕೂದಲೆಳೆಯಷ್ಟು ಹೆಚ್ಚು ತಿರುಗಿದರೂ, ಅಂದಳು, ಸ್ವರ ತಪ್ಪುತ್ತದೆ.
ಕಿವಿಗೆ ಆಮೇಲೆ ಕೇಳುತ್ತದೆ. ಬೆರಳಿಗೆ ಮೊದಲು ಗೊತ್ತಾಗಬೇಕು.
ನನಗೆ ಬೇಕಾದ ಸುಖ ಇಷ್ಟೇ:
ಮುಟ್ಟುವ ಊರು ಮುಟ್ಟಿದಾಗ
ಕೈ ಕೈಯಾಗಿಯೇ ಉಳಿದಿರಬೇಕು.

ಹಣ ಎಣಿಸಿದಳು. ಚಿಲ್ಲರೆ ವಾಪಸು ಕೊಡುವಾಗ
ನನ್ನ ಕೈಯಿಂದ ಎರಡು ನಾಣ್ಯ ಜಾರಿ ಬಿದ್ದವು.
ಹೆಕ್ಕಲು ಮೂರು ಸಲ ಬೇಕಾಯಿತು.
ಅವಳು ಬಗ್ಗಲಿಲ್ಲ. ನೋಡಿದಳು.
"ದುಯೀಲ್ಯೊ, ಎಷ್ಟು ವರ್ಷದಿಂದ ಈ ಜೋಮು?"

ಚಳಿ, ಅಂದೆ. ವಯಸ್ಸು, ಅಂದೆ.
ಅವಳು ನನ್ನ ಸಾವಿರದ ಇನ್ನೂರರ ಕಡೆ ಒಮ್ಮೆ ನೋಡಿ,
ಏನೂ ಅನ್ನದೆ, ಬೂದು ಬೈಕು ಏರಿ
ಬಂದರಿನ ಕಡೆ ತಿರುಗಿಸಿಕೊಂಡು ಹೋದಳು.

ಶಟರು ಎಳೆದ ಮೇಲೆ ನನ್ನದರ ಹಿಡಿ ಹಿಡಿದೆ.
ಆರಿದ ಎಂಜಿನ್ನು. ಆದರೂ ಅಂಗೈಯಲ್ಲಿ
ಗುಂಯ್ ಅನ್ನುತ್ತಲೇ ಇತ್ತು.

ಕಂಬಳಿ ಅಂಗಳದಲ್ಲೇ ಬಿದ್ದಿತ್ತು.
ಮಡಿಸಿಡೋಣವೆಂದು ಹೋದವನು ಅದರ ಮೇಲೆ ಕೂತು
ಉಣ್ಣೆಯ ಒಂದೆಳೆ ಕಿತ್ತು ಬೆರಳ ನಡುವೆ ಹೊರಳಿಸಿದೆ.
ಇದೆಯೋ, ಬಿದ್ದುಹೋಯಿತೋ.
ಇನ್ನೊಮ್ಮೆ.